ಕ್ಷೇತ್ರಗಣಿತದ ಕಿಟ್: ಮೂರು ಶಂಕು ಸುರಿದರೂ ತುಂಬದ ಸಿಲಿಂಡರ್

ಹತ್ತನೆಯ ತರಗತಿಯ ಗಣಿತದಲ್ಲಿ 'ಮೇಲ್ಮೈ ವಿಸ್ತೀರ್ಣಗಳು ಮತ್ತು ಘನಫಲಗಳು' ಎಂಬ ಅಧ್ಯಾಯ ಹತ್ತಿರವಾಗುವ ಹೊತ್ತಿಗೆ ಶಾಲಾ ಸಾಮಗ್ರಿ ಮಾರುವವರ ಫೋನ್ ಕರೆಗಳೂ ಶುರುವಾಗುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ. ಆ ಇಪ್ಪತ್ತರ ಸಲುವಾಗಿ ಮಕ್ಕಳಿಂದ ಏನಾದರೊಂದು ಪ್ರಾಜೆಕ್ಟ್ ಮಾಡಿಸಲೇಬೇಕಾದ್ದರಿಂದ, ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಥರ್ಮಾಕೋಲ್ ಮಾದರಿಗಳನ್ನು ಕೊಂಡು ತಂದು ಮೇಜಿನ ಮೇಲಿಡುವ ಪದ್ಧತಿಯೂ ಬೆಳೆದುಬಿಟ್ಟಿದೆ. ಅದನ್ನು ತಪ್ಪಿಸಿ ಮಕ್ಕಳ ಕೈಯಿಂದಲೇ ಅಳತೆ ಮಾಡಿಸಬೇಕೆಂದು ಕಳೆದ ವರ್ಷ ನಾವು ಶಾಲಾಭಿವೃದ್ಧಿ ಸಮಿತಿಯ ಒಪ್ಪಿಗೆ ಪಡೆದು 2,350 ರೂಪಾಯಿ ಕೊಟ್ಟು ಒಂದು ಕ್ಷೇತ್ರಗಣಿತದ ಕಿಟ್ ತರಿಸಿದೆವು. ಒಂದು ಪೂರ್ತಿ ಶೈಕ್ಷಣಿಕ ವರ್ಷ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ತಯಾರಕರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ.

ಡಬ್ಬಿಯಲ್ಲಿದ್ದ ಸಾಮಾನುಗಳು ಇವು: ಪಾರದರ್ಶಕ ಪ್ಲಾಸ್ಟಿಕ್‌ನ ಘನ, ಆಯತಘನ, ಸಿಲಿಂಡರ್, ಶಂಕು ಮತ್ತು ಜೋಡಿಸಿದರೆ ಗೋಳವಾಗುವ ಎರಡು ಅರ್ಧಗೋಳಗಳು, 100 ಮಿ.ಲೀ. ಅಳತೆ ಜಾಡಿ; ಹೆಚ್ಚಾದ ನೀರು ಹೊರಗೆ ಸುರಿಯುವಂತೆ ಪಕ್ಕದಲ್ಲಿ ಮೂತಿಯಿರುವ ಒಂದು ಪಾತ್ರೆ; ಪ್ಲಾಸ್ಟಿಕ್‌ನ ವರ್ನಿಯರ್ ಕ್ಯಾಲಿಪರ್ಸ್ (ವ್ಯಾಸ, ದಪ್ಪಗಳನ್ನು ದವಡೆಗಳ ನಡುವೆ ಹಿಡಿದು ಅಳೆಯುವ ಸಾಧನ); ಮಧ್ಯಕ್ಕೆ ಕೊಯ್ದ ಮರದ ಚೆಂಡು, ಅದಕ್ಕೆ ಸುತ್ತಲು ದಾರದ ಉಂಡೆ; ಹತ್ತು ಗ್ರಾಫ್ ಹಾಳೆ; ಒಂದು ಕೈಪಿಡಿ. ಪ್ಲಾಸ್ಟಿಕ್ ಗಟ್ಟಿಯಾಗಿದೆ. ವರ್ಷದಲ್ಲಿ ಎಷ್ಟು ಸಲ ಮೇಜಿನಿಂದ ಬಿದ್ದರೂ ಯಾವುದೂ ಬಿರುಕು ಬಿಟ್ಟಿಲ್ಲ. ಅಂಚುಗಳು ನಯವಾಗಿವೆ, ಕೈಗೆ ತರಚುವುದಿಲ್ಲ. ಹೊಗಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಸೀಮೆಸುಣ್ಣದಲ್ಲಿ ಬರೆದ ಶಂಕುವನ್ನಷ್ಟೇ ನೋಡಿದ್ದ ಮಕ್ಕಳು ಓರೆ ಎತ್ತರ ಯಾವುದು, ಎತ್ತರ ಯಾವುದು ಎಂಬುದನ್ನು ಈ ಪಾರದರ್ಶಕ ಶಂಕುವಿನೊಳಗೆ ಒಂದು ಪೊರಕೆ ಕಡ್ಡಿ ಇಳಿಸಿ ಕ್ಷಣದಲ್ಲಿ ಅರ್ಥಮಾಡಿಕೊಂಡರು.

ಕೈಪಿಡಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಕನ್ನಡದಲ್ಲೂ ಇದೆ ಎಂದು ಜಾಹೀರಾತಿನಲ್ಲಿ ದೊಡ್ಡದಾಗಿ ಹಾಕಿದ್ದರು. ಆದರೆ ಆ ಕನ್ನಡದಲ್ಲಿ ಗೋಳದ ಘನಫಲಕ್ಕೆ (ಇಂಗ್ಲಿಷಿನ 'ವಾಲ್ಯೂಮ್') 'ಗೋಳದ ಸಂಪುಟ' ಎಂದಿದೆ, ಘನವನ್ನು ಬಿಚ್ಚಿ ಹರಡಿದ ಆಕೃತಿಗೆ (ಇಂಗ್ಲಿಷಿನ 'ನೆಟ್') 'ನಿವ್ವಳ' ಎಂದಿದೆ. ಅನುವಾದ ಯಂತ್ರದ ಬಾಯಿಂದ ಬಂದದ್ದನ್ನು ಯಾರೂ ಓದಿ ನೋಡದೆ ಅಚ್ಚು ಹಾಕಿಸಿದ್ದಾರೆ. ಮಕ್ಕಳು ಒಂದು ವಾರ 'ನಿವ್ವಳ ಲಾಭ ಎಷ್ಟು ಸಾರ್' ಎಂದು ನಕ್ಕರು, ಆಮೇಲೆ ಕೈಪಿಡಿ ಬೀರು ಸೇರಿತು.

ನಿಜವಾದ ತೊಂದರೆ ಶುರುವಾದದ್ದು ಅಳತೆ ಜಾಡಿಯಿಂದ. ಯಾವುದೇ ಪ್ರಯೋಗಕ್ಕೆ ಮೊದಲು ಅಳೆಯುವ ಸಾಧನವನ್ನೇ ಅಳೆದು ನೋಡಬೇಕೆಂಬುದು ನನ್ನ ಹಳೆಯ ಅಭ್ಯಾಸ. ಊರಿನ ಕಿರಾಣಿ ಅಂಗಡಿಯಲ್ಲಿ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸಿದ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿ ಖಾಲಿ ಜಾಡಿಯನ್ನು ಅದರ ಮೇಲಿಟ್ಟು ಸೊನ್ನೆ ಮಾಡಿಸಿ, 100ರ ಗೆರೆಯವರೆಗೆ ನೀರು ತುಂಬಿದಾಗ ಬಂದದ್ದು 96 ಗ್ರಾಂ. ನಮ್ಮ ಕಡೆಯ ಹವೆಯಲ್ಲಿ 100 ಮಿ.ಲೀ. ನೀರು 99.6 ಗ್ರಾಂ ಆಸುಪಾಸು ತೂಗಬೇಕು. ಹಾಗಾಗಿ ಜಾಡಿಯ ಗೆರೆಗಳೇ ನೂರಕ್ಕೆ ಮೂರೂವರೆಗಿಂತ ಹೆಚ್ಚು ತಪ್ಪಾಗಿವೆ ಎಂದಾಯಿತು. ಮಾರಾಟಗಾರರಿಗೆ ಹೇಳಿದಾಗ, ಅವರ ಬಗ್ಗೆ ನ್ಯಾಯವಾಗಿ ಬರೆಯಬೇಕಾದರೆ, ಹತ್ತು ದಿನದೊಳಗೆ ಬೇರೆ ಜಾಡಿ ಕಳಿಸಿದರು. ಅದು 99 ಗ್ರಾಂ ತೋರಿಸಿತು. ಮುಂದೆ ನಾನು ಕೊಡುವ ಅಂಕಿಗಳೆಲ್ಲ ಈ ಎರಡನೆಯ ಜಾಡಿಯಲ್ಲಿ ಅಳೆದವು. ಆದರೂ 100 ಮಿ.ಲೀ. ಜಾಡಿಯಲ್ಲಿ 350 ಮಿ.ಲೀ. ನೀರನ್ನು ಅಳೆಯಲು ನಾಲ್ಕು ಸಲ ತುಂಬಬೇಕು, ನಾಲ್ಕು ಸಲ ಕಣ್ಣಿನ ಅಂದಾಜು ಸೇರಿಕೊಳ್ಳುತ್ತದೆ. ಕಿಟ್‌ನಲ್ಲಿ 500 ಮಿ.ಲೀ. ಜಾಡಿ ಇರಬೇಕಿತ್ತು.

ಇನ್ನು ಆಕೃತಿಗಳಿಗೆ ಬರುತ್ತೇನೆ. ಕೈಪಿಡಿಯ ಮೊದಲ ಪ್ರಯೋಗ ಎಲ್ಲರಿಗೂ ಗೊತ್ತಿರುವುದೇ: ಒಂದೇ ತ್ರಿಜ್ಯ, ಒಂದೇ ಎತ್ತರದ ಶಂಕು ಮತ್ತು ಸಿಲಿಂಡರ್ ತೆಗೆದುಕೊಳ್ಳಿ, ಶಂಕುವಿನಲ್ಲಿ ನೀರು ತುಂಬಿ ಮೂರು ಸಲ ಸುರಿಯಿರಿ, ಸಿಲಿಂಡರ್ ಪೂರ್ತಿ ತುಂಬುತ್ತದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ನಡುಗಿಸದೆ ಮೂರು ಸಲ ಸುರಿದಳು. ನೀರು ಸಿಲಿಂಡರ್‌ನ ಬಾಯಿಗಿಂತ ಕೆಳಗೇ ನಿಂತಿತು. 'ಮೂರಾಯ್ತು ಸಾರ್, ಇನ್ನೂ ಜಾಗ ಇದೆ' ಎಂದಳು. ಚೆಲ್ಲಿರಬಹುದೆಂದು ಮತ್ತೊಮ್ಮೆ ಮಾಡಿಸಿದೆ. ಮತ್ತೆ ಅಷ್ಟೇ, ಸ್ಕೇಲು ಇಟ್ಟು ನೋಡಿದರೆ ಮೂರೂವರೆ ಮಿಲಿಮೀಟರ್ ಖಾಲಿ.

ಡಬ್ಬಿಯ ಮೇಲೆ ಎರಡಕ್ಕೂ ವ್ಯಾಸ 7 ಸೆಂ.ಮೀ., ಎತ್ತರ 10 ಸೆಂ.ಮೀ. ಎಂದು ಅಚ್ಚಾಗಿದೆ. ಅಳೆದು ನೋಡಿದಾಗ ಅವು ಹೊರಗಿನ ಅಳತೆಗಳೆಂದು ತಿಳಿಯಿತು. ಪ್ಲಾಸ್ಟಿಕ್‌ನ ಗೋಡೆ ಒಂದೂವರೆ ಮಿಲಿಮೀಟರ್ ದಪ್ಪ. ಸಿಲಿಂಡರ್‌ನಲ್ಲಿ ಈ ದಪ್ಪ ಒಳ ತ್ರಿಜ್ಯವನ್ನು 3.35 ಸೆಂ.ಮೀ.ಗೆ, ಒಳ ಎತ್ತರವನ್ನು 9.85 ಸೆಂ.ಮೀ.ಗೆ ಇಳಿಸುತ್ತದೆ, ಹೊರ ಅಳತೆಯ ಲೆಕ್ಕದಲ್ಲಿ 385 ಘನ ಸೆಂ.ಮೀ. ಇರಬೇಕಾದದ್ದು ಒಳಗೆ 347 ಮಾತ್ರ. ಶಂಕುವಿನಲ್ಲಿ ಅದೇ ದಪ್ಪ ಬೇರೆ ಆಟ ಆಡುತ್ತದೆ. ಗೋಡೆ ಓರೆಯಾಗಿರುವುದರಿಂದ ತುದಿಯ ಹತ್ತಿರ ಎರಡು ಕಡೆಯ ಪ್ಲಾಸ್ಟಿಕ್ ಒಂದನ್ನೊಂದು ಮೊದಲೇ ಕೂಡಿಬಿಡುತ್ತದೆ, ಹಾಗಾಗಿ ಒಂದೂವರೆ ಮಿಲಿಮೀಟರ್‌ನ ಗೋಡೆ ಎತ್ತರದಲ್ಲಿ ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರನ್ನೇ ನುಂಗುತ್ತದೆ. ಪೊರಕೆ ಕಡ್ಡಿ ಇಳಿಸಿದಾಗ ಒಳ ಎತ್ತರ 9.5 ಸೆಂ.ಮೀ. ಬಂತು. ಆ ಲೆಕ್ಕದಲ್ಲಿ ಶಂಕುವಿನ ಒಳಗೆ ಹಿಡಿಯುವುದು ಸುಮಾರು 111.5 ಘನ ಸೆಂ.ಮೀ.; ಅದರ ಮೂರರಷ್ಟು 347ಕ್ಕೆ ಹನ್ನೆರಡೂವರೆಯಷ್ಟು ಕಡಿಮೆ. ಹೊರಗಡೆ ಸಮ ಇರುವ ಶಂಕುವೂ ಸಿಲಿಂಡರೂ ಒಳಗಡೆ ಸಮ ಇರಲು ಸಾಧ್ಯವೇ ಇಲ್ಲ. ಅಚ್ಚು ಮಾಡಿಸುವಾಗ ಒಳ ಅಳತೆಗಳನ್ನು ಸಮ ಇಟ್ಟಿದ್ದರೆ ಖರ್ಚೇನೂ ಹೆಚ್ಚುತ್ತಿರಲಿಲ್ಲ. ನೀರು ಸುರಿಯಲೆಂದೇ ಮಾಡಿದ ಆಕೃತಿಗೆ ಹೊರಮೈ ಅಳತೆ ನಮೂದಿಸುವುದು, ಲೋಟವನ್ನು ಕವುಚಿ ಹಾಕಿ ಕಾಫಿ ಎಷ್ಟು ಹಿಡಿಯುತ್ತದೆಂದು ಹೇಳಿದಂತೆ.

ಆಕೃತಿ ಚಿಕ್ಕದಾದಷ್ಟೂ ಈ ದೋಷ ದೊಡ್ಡದಾಗುತ್ತದೆ. 5 ಸೆಂ.ಮೀ. ಬಾಹುವಿನ ಘನಕ್ಕೆ 125 ಘನ ಸೆಂ.ಮೀ. ಎಂದು ಬರೆದಿದ್ದಾರೆ, ನಾವು ಅಳೆದ ನೀರು 107 ಮಿ.ಲೀ. ನೂರಕ್ಕೆ ಹದಿನಾಲ್ಕರಷ್ಟು ಕೊರತೆ! ಗೋಳದ ಮೇಲೆ ಅಚ್ಚಾಗಿರುವುದು 179.6, ಎರಡು ಅರ್ಧಗೋಳಗಳಲ್ಲಿ ಸೇರಿ ಹಿಡಿದದ್ದು 156 ಮಿ.ಲೀ. ಒಳ ತ್ರಿಜ್ಯ 3.35 ಹಾಕಿ ಲೆಕ್ಕ ಮಾಡಿದರೆ 157.5 ಬರುತ್ತದೆ, ಅಂದರೆ ಸೂತ್ರದ ತಪ್ಪೇನೂ ಇಲ್ಲ.

ಗೋಳದ ಮಾತು ಬಂದದ್ದರಿಂದ ಒಂದು ಸಣ್ಣ ಉಪಕಥೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ದಲ್ಲಿ ಗೋಳದ ಘನಫಲಕ್ಕೆ ಎರಡು ಲೆಕ್ಕಗಳಿವೆ. ವ್ಯಾಸಾರ್ಧದ ಘನವನ್ನು ಅರ್ಧ ಮಾಡಿ ಒಂಬತ್ತರಿಂದ ಗುಣಿಸಿದರೆ ವ್ಯಾವಹಾರಿಕ ಫಲ, ಅಂದರೆ ಒರಟು ಲೆಕ್ಕ; ಅದನ್ನು ಮತ್ತೆ ಒಂಬತ್ತರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಸೂಕ್ಷ್ಮ ಫಲ, ಅಂದರೆ ಹೆಚ್ಚು ನಿಖರವಾದದ್ದು. ಇಂದಿನ ಸೂತ್ರದಲ್ಲಿ ವ್ಯಾಸಾರ್ಧದ ಘನವನ್ನು ಸುಮಾರು 4.19ರಿಂದ ಗುಣಿಸುತ್ತೇವೆ, ಅವರ ಲೆಕ್ಕದಲ್ಲಿ ಮೊದಲನೆಯದು 4.5, ಎರಡನೆಯದು 4.05. ನಮ್ಮ ಗೋಳದ ಒಳ ತ್ರಿಜ್ಯಕ್ಕೆ ಇವನ್ನು ಹಾಕಿದಾಗ ವ್ಯಾವಹಾರಿಕ ಫಲ 169, ಸೂಕ್ಷ್ಮ ಫಲ 152 ಬಂತು. ಸಾವಿರದ ಇನ್ನೂರು ವರ್ಷ ಹಿಂದಿನ ಒರಟು ಲೆಕ್ಕವೂ ಡಬ್ಬಿಯ ಮೇಲಿನ 179.6ಕ್ಕಿಂತ ನೀರಿಗೆ ಹತ್ತಿರವಿದೆ ಎಂದು ಹಿಂದಿನ ಬೆಂಚಿನವನೊಬ್ಬ ಘೋಷಿಸಿದ. ಹೊರ ತ್ರಿಜ್ಯ ಹಾಕಿದ್ದರೆ ಆಚಾರ್ಯರ ಲೆಕ್ಕವೂ ಎಡವುತ್ತಿತ್ತು ಎಂದು ಅವನಿಗೆ ಹೇಳಬೇಕಾಯಿತು, ಆದರೆ ಆ ಹೋಲಿಕೆಯಲ್ಲಿ ತಯಾರಕರಿಗೆ ತಕ್ಕ ಪೆಟ್ಟು ಇತ್ತೆಂಬುದನ್ನು ಒಪ್ಪುತ್ತೇನೆ.

ಮರದ ಚೆಂಡಿನ ಪ್ರಯೋಗ ಚೆನ್ನಾಗಿದೆ. ಅರ್ಧಚೆಂಡಿನ ಉಬ್ಬಿದ ಮೈಗೆ ನೆತ್ತಿಯಲ್ಲಿರುವ ಮೊಳೆಯಿಂದ ಆರಂಭಿಸಿ ದಾರವನ್ನು ಒತ್ತೊತ್ತಾಗಿ ಸುತ್ತಬೇಕು, ಆಮೇಲೆ ಕೊಯ್ದ ಚಪ್ಪಟೆ ಮುಖಕ್ಕೆ ಸುತ್ತಬೇಕು. ಮೊದಲನೆಯದಕ್ಕೆ ಎರಡನೆಯದರ ಎರಡರಷ್ಟು ದಾರ ಹಿಡಿಯುತ್ತದೆ. ಅಲ್ಲಿಂದ ಇಡೀ ಗೋಳದ ಮೇಲ್ಮೈ ಅದೇ ತ್ರಿಜ್ಯದ ನಾಲ್ಕು ವೃತ್ತಗಳಿಗೆ ಸಮ ಎಂಬುದು ಕಣ್ಣಿಗೇ ಕಾಣುತ್ತದೆ. ಆದರೆ ಪಾಲಿಶ್ ಮಾಡಿದ ಮರದ ಮೇಲೆ ದಾರ ಜಾರುತ್ತದೆ, ನಾವು ಅಂಟು ಹಚ್ಚಿ ಸುತ್ತಿದೆವು. ನನ್ನನ್ನು ಕೇಳಿದರೆ ಇದಕ್ಕಿಂತ ಒಂದು ಕಿತ್ತಳೆ ಹಣ್ಣು ವಾಸಿ. ಹಣ್ಣನ್ನು ಅಡ್ಡ ಕೊಯ್ದು ಅದರ ಸುತ್ತಳತೆಯ ನಾಲ್ಕು ವೃತ್ತ ಬರೆದು, ಸಿಪ್ಪೆಯನ್ನು ಚೂರು ಮಾಡಿ ಆ ವೃತ್ತಗಳೊಳಗೆ ಜೋಡಿಸಿದರೆ ನಾಲ್ಕೂ ತುಂಬುತ್ತವೆ, ತಿನ್ನಲು ತೊಳೆಗಳೂ ಉಳಿಯುತ್ತವೆ.

ಮೂತಿಯ ಪಾತ್ರೆ ಅರ್ಧ ಕೆಲಸಕ್ಕೆ ಬಂತು. ಮೂತಿಯ ತುದಿಯಲ್ಲಿ ಹನಿಯೊಂದು ಹಿಗ್ಗಿಕೊಂಡು ನಿಂತು, ಬೀಳಲೋ ಬೇಡವೋ ಎಂದು ತೂಗಾಡುತ್ತಿರುತ್ತದೆ; ಒಂದೊಂದು ಸಲಕ್ಕೂ ಒಂದೆರಡು ಮಿ.ಲೀ. ವ್ಯತ್ಯಾಸ ಬರುತ್ತದೆ. ಹೀಗಾಗಿ ಒಂದು ಗೋಲಿಯನ್ನು ಅದರಲ್ಲಿ ಅಳೆಯುವುದು ವ್ಯರ್ಥ. 1.6 ಸೆಂ.ಮೀ. ವ್ಯಾಸದ ಗೋಲಿಯ ಘನಫಲವೇ 2.1 ಘನ ಸೆಂ.ಮೀ. ಇಪ್ಪತ್ತು ಗೋಲಿಗಳನ್ನು ಒಟ್ಟಿಗೆ ಮುಳುಗಿಸಿ ಇಪ್ಪತ್ತರಿಂದ ಭಾಗಿಸಿದಾಗ ಲೆಕ್ಕ ಕೂಡಿತು. ನಿಂಬೆಹಣ್ಣು ತೇಲಿದರೆ ಸೂಜಿಯಿಂದ ಒತ್ತಿ ಮುಳುಗಿಸಬೇಕು. ವರ್ನಿಯರ್ ಕ್ಯಾಲಿಪರ್ಸ್ ಪ್ಲಾಸ್ಟಿಕ್‌ನದಾದರೂ, ದವಡೆ ಮುಚ್ಚಿದಾಗಲೇ 0.2 ಮಿ.ಮೀ. ತೋರಿಸುವ ದೋಷವನ್ನು ಕಳೆದು ಬರೆದರೆ ಸಾಕಷ್ಟು ನಂಬಿಕಸ್ಥ. ಇಡೀ ಕಿಟ್‌ನಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲದ ಸಾಮಾನು ಇದೊಂದೇ. ಗೋಳದ ತ್ರಿಜ್ಯದಲ್ಲಿ ಒಂದು ಮಿಲಿಮೀಟರ್ ಹೆಚ್ಚಾಗಿ ಓದಿದರೆ ಘನಫಲ ನೂರಕ್ಕೆ ಒಂಬತ್ತರಷ್ಟು ಏರಿಬಿಡುತ್ತದೆ ಎಂಬುದನ್ನು ಕಂಡ ಮೇಲೆ, ಪೈ ಬೆಲೆ 22/7 ಹಾಕಬೇಕೋ 3.1416 ಹಾಕಬೇಕೋ ಎಂದು ಜಗಳವಾಡುತ್ತಿದ್ದ ಮಕ್ಕಳು ಸುಮ್ಮನಾಗಿ ಕ್ಯಾಲಿಪರ್ಸ್‌ಗೆ ಸರದಿ ನಿಂತರು. ಆ ಎರಡು ಬೆಲೆಗಳ ವ್ಯತ್ಯಾಸ ಹತ್ತು ಸಾವಿರಕ್ಕೆ ನಾಲ್ಕು ಮಾತ್ರ.

ಕಿಟ್‌ನ ಮೇಲಿನ ನನ್ನ ಮುಖ್ಯ ಆಕ್ಷೇಪಣೆ ಮಾತ್ರ ಗೋಡೆಯ ದಪ್ಪದ್ದಲ್ಲ. ಉತ್ತರವನ್ನು ಮೊದಲೇ ಮೈಮೇಲೆ ಬರೆದುಕೊಂಡ ಆಕೃತಿಯನ್ನು ಯಾವ ಮಗುವೂ ಮನಸ್ಸಿಟ್ಟು ಅಳೆಯುವುದಿಲ್ಲ. ಅಚ್ಚಾದ ಸಂಖ್ಯೆ ತಪ್ಪೆಂದು ಗೊತ್ತಾಗುವವರೆಗೆ ನಮ್ಮ ಮಕ್ಕಳು ಸಂಖ್ಯೆಗೆ ಹೊಂದುವಂತೆ ನೀರನ್ನೇ ಹೆಚ್ಚು ಓದುತ್ತಿದ್ದರು. ಆದ್ದರಿಂದ ಮೂಲ ಪ್ರಯೋಗ ಮುಗಿದ ಕೂಡಲೇ ಆಕೃತಿಗಳನ್ನು ಬದಿಗಿಟ್ಟು, ಕ್ಯಾಲಿಪರ್ಸ್ ಮತ್ತು ಜಾಡಿಯನ್ನಷ್ಟೇ ಉಳಿಸಿಕೊಂಡು, ಮನೆಯಿಂದ ಒಂದೊಂದು ಪಾತ್ರೆ ತರಲು ಎಂಟು ಗುಂಪುಗಳಿಗೆ ಹೇಳಿದೆ. ಪ್ರಾಜೆಕ್ಟ್ ಆರಂಭವಾದದ್ದು ಆಗಲೇ.

ಒಂದು ಗುಂಪು ಸ್ಟೀಲ್ ಲೋಟ ತಂದಿತು. ಒಳಗಿನ ಮೇಲ್ತ್ರಿಜ್ಯ 3.5, ತಳದ ತ್ರಿಜ್ಯ 2.5, ಎತ್ತರ 9 ಸೆಂ.ಮೀ. ಶಂಕುವಿನ ಭಿನ್ನಕದ (ತುದಿ ಕೊಯ್ದು ತೆಗೆದ ಶಂಕುವಿನ) ಸೂತ್ರದಿಂದ 256.8 ಘನ ಸೆಂ.ಮೀ. ಬಂತು, ಸುರಿದು ಅಳೆದ ನೀರು 252 ಮಿ.ಲೀ., ಏಕೆಂದರೆ ತಳದ ಮೂಲೆ ದುಂಡಗಿದೆ. ಸೂತ್ರ ನೆನಪಿಲ್ಲದ ಹುಡುಗನೊಬ್ಬ ಎರಡು ತ್ರಿಜ್ಯಗಳ ಸರಾಸರಿ 3 ಎಂದಿಟ್ಟುಕೊಂಡು ಸಿಲಿಂಡರ್‌ನ ಲೆಕ್ಕ ಮಾಡಿ 254.5 ಎಂದು ಬರೆದಿದ್ದ. ತಪ್ಪು ದಾರಿಯಲ್ಲಿ ಹೋಗಿ ಹೆಚ್ಚುಕಡಿಮೆ ಸರಿ ಮನೆಗೇ ತಲುಪಿದ್ದ! ಏಕೆ ಹೀಗಾಯಿತೆಂದು ಇಡೀ ಒಂದು ಪೀರಿಯಡ್ ಚರ್ಚೆಯಾಯಿತು. ಎರಡು ತ್ರಿಜ್ಯಗಳ ವ್ಯತ್ಯಾಸದ ವರ್ಗವನ್ನು ಎತ್ತರದಿಂದ ಮತ್ತು ಪೈಯಿಂದ ಗುಣಿಸಿ 12ರಿಂದ ಭಾಗಿಸಿದಷ್ಟೇ ಇವೆರಡರ ಅಂತರ. ಲೋಟದಲ್ಲಿ ಅದು ಎರಡು ಮಿ.ಲೀ. ಚಿಲ್ಲರೆ, 15 ಮತ್ತು 10 ಸೆಂ.ಮೀ. ತ್ರಿಜ್ಯದ, 28 ಸೆಂ.ಮೀ. ಎತ್ತರದ ಬಕೆಟ್‌ನಲ್ಲಾದರೆ ಸುಮಾರು 180 ಮಿ.ಲೀ., ಅಂದರೆ ಒಂದು ಲೋಟ ಕಾಫಿಯಷ್ಟು.

ಇನ್ನೊಂದು ಗುಂಪು ಅಜ್ಜಿಯ ಕಾಲದ ಕಬ್ಬಿಣದ ಸೇರು ಹೊತ್ತು ತಂದಿತು. ಒಳ ತ್ರಿಜ್ಯ 5, ಎತ್ತರ 12.5 ಸೆಂ.ಮೀ.; ಸಮತಟ್ಟಾಗಿ ತುಂಬಿದರೆ 982 ಘನ ಸೆಂ.ಮೀ. ಆದರೆ ಕಣದಲ್ಲಿ ರಾಗಿ ಅಳೆಯುವಾಗ ಯಾರೂ ಸಮತಟ್ಟಾಗಿ ಅಳೆಯುತ್ತಿರಲಿಲ್ಲ, ಮೇಲೆ ಗೋಪುರ ನಿಲ್ಲುವಂತೆ ತುಂಬುತ್ತಿದ್ದರು ಎಂದು ಅಜ್ಜಿ ಹೇಳಿ ಕಳಿಸಿದ್ದರು. ಗೋಪುರವೆಂದರೆ ಶಂಕುವೇ ತಾನೆ! ಎತ್ತರ 3 ಸೆಂ.ಮೀ. ಬಂತು, ಘನಫಲ 78.5. ನೂರಕ್ಕೆ ಎಂಟರಷ್ಟು ಹೆಚ್ಚು. ಹಾಗಾದರೆ ಹನ್ನೆರಡು ಸೇರಿಗೊಮ್ಮೆ ಕೊಳ್ಳುವವನಿಗೆ ಹೆಚ್ಚುಕಡಿಮೆ ಒಂದು ಸೇರು ಪುಕ್ಕಟೆ ಸಿಗುತ್ತಿತ್ತೆಂದು ಮಕ್ಕಳೇ ಲೆಕ್ಕ ಹಾಕಿದರು.

ರಾಗಿಮುದ್ದೆಯ ಗುಂಪಿನದು ಎಲ್ಲಕ್ಕಿಂತ ಗಮ್ಮತ್ತು. ಮುದ್ದೆಯನ್ನು ನೀರಿನಲ್ಲಿ ಮುಳುಗಿಸುವಂತಿಲ್ಲ. ಬ್ರೆಡ್ಡಿನ ಗಾತ್ರವನ್ನು ಬೇಕರಿ ಪ್ರಯೋಗಾಲಯಗಳಲ್ಲಿ ಸಾಸಿವೆಯಂಥ ಸಣ್ಣ ಕಾಳಿನಲ್ಲಿ ಹೂತು ಅಳೆಯುವ ಕ್ರಮವಿದೆ. ಅದನ್ನೇ ಇಲ್ಲಿಗೆ ತಂದೆವು. ಪಾತ್ರೆಯ ತುಂಬ ರಾಗಿ ಕಾಳು ಹಾಕಿ ಸ್ಕೇಲಿನಿಂದ ಸಮ ಮಾಡಿ, ಕಾಳನ್ನು ಹೊರಗೆ ತೆಗೆದು, ತೆಳು ಪ್ಲಾಸ್ಟಿಕ್ ಸುತ್ತಿದ ಮುದ್ದೆಯನ್ನಿಟ್ಟು ಮತ್ತೆ ಕಾಳು ತುಂಬಿ ಸಮ ಮಾಡಿದಾಗ ಮಿಕ್ಕ ಕಾಳೇ ಮುದ್ದೆಯ ಘನಫಲ. ದಾರದಲ್ಲಿ ಹಿಡಿದ ಸುತ್ತಳತೆ 28 ಸೆಂ.ಮೀ.; ಪೂರ್ತಿ ಗೋಳವಾಗಿದ್ದರೆ 371 ಘನ ಸೆಂ.ಮೀ. ಇರಬೇಕಿತ್ತು, ಕಾಳು ತೋರಿಸಿದ್ದು 340. ತಟ್ಟೆಯ ಮೇಲೆ ಕೂತ ಮುದ್ದೆಗೆ ತಳ ಚಪ್ಪಟೆಯಾಗಿರುತ್ತದಲ್ಲ. ಪಾತ್ರೆಯನ್ನು ಒಂದು ಸಲ ಕುಟ್ಟಿ, ಇನ್ನೊಂದು ಸಲ ಕುಟ್ಟದೆ ತುಂಬಿದರೆ ಲೆಕ್ಕ ಕೆಡುತ್ತದೆಂಬುದನ್ನು ಅವರು ಮೂರು ಸಲ ತಪ್ಪಿ ಕಲಿತರು. ಮುದ್ದೆ ಅಷ್ಟರಲ್ಲಿ ಆರಿ ಕಲ್ಲಾಗಿತ್ತು.

ವಿಸ್ತೀರ್ಣದ ಕಡೆಗೆ ಹೋದವರು ಕಡಿಮೆ. ಒಂದು ಗುಂಪು ಹಾಲಿನ ಪುಡಿಯ ಡಬ್ಬಿಯ ಲೇಬಲನ್ನು ನೀರಿನಲ್ಲಿ ನೆನೆಸಿ ಬಿಡಿಸಿ ಹರಡಿತು. ಡಬ್ಬಿಯ ತ್ರಿಜ್ಯ 4.2, ಲೇಬಲಿನ ಎತ್ತರ 11 ಸೆಂ.ಮೀ.; ವಕ್ರ ಮೇಲ್ಮೈ 290 ಚದರ ಸೆಂ.ಮೀ. ಬರಬೇಕಾದಲ್ಲಿ ಕಾಗದ 299 ಬಂತು. ಎಲ್ಲಿ ತಪ್ಪಿತೆಂದು ಹುಡುಕಿ ಹುಡುಕಿ, ಕೊನೆಗೆ ಕಾಗದದ ಒಂದು ಅಂಚಿನಲ್ಲಿ ಅಂಟು ಒಣಗಿದ 8 ಮಿಲಿಮೀಟರ್ ಅಗಲದ ಪಟ್ಟಿಯನ್ನು ಬೆರಳಿನಿಂದ ಸವರಿ ಪತ್ತೆ ಮಾಡಿದರು.

ಕೊಳ್ಳಬೇಕೆಂದಿರುವ ಶಿಕ್ಷಕರು ಕೇಳಿದರೆ ನನ್ನ ಸಲಹೆ ಹೀಗಿದೆ. ಇಡೀ ಕಿಟ್ ಬೇಡ. ಒಳ್ಳೆಯ 500 ಮಿ.ಲೀ. ಅಳತೆ ಜಾಡಿ, ಕ್ಯಾಲಿಪರ್ಸ್ ಎರಡು, ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿ ಒಂದು, ಇಷ್ಟನ್ನು ಬಿಡಿಯಾಗಿ ತೆಗೆದುಕೊಳ್ಳಿ. ಉಳಿದದ್ದು ಮಕ್ಕಳ ಮನೆಯಲ್ಲಿದೆ. ಶಂಕು ಮತ್ತು ಸಿಲಿಂಡರ್ ಬೇಕೇ ಬೇಕೆಂದರೆ, ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಮೂರು ಸಲ ನೀರು ಸುರಿಸಿ ನೋಡಿ, ಕೊರತೆ ಬಂದರೆ ವಾಪಸ್ ಇಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ಅಳತೆಗಳ ಬಗ್ಗೆ ನಾನು ಬರೆದ ಪತ್ರಕ್ಕೆ ಮಾರಾಟಗಾರರು ಫೋನಿನಲ್ಲಿ ಉತ್ತರಿಸಿದರು. 'ಎಲ್ಲಾ ಕಂಪನಿಯವರೂ ಹೊರಗಿನ ಸೈಜೇ ಹಾಕೋದು ಮೇಷ್ಟ್ರೇ, ಇಷ್ಟು ವರ್ಷದಲ್ಲಿ ನೀರು ಹಾಕಿ ನೋಡಿದೋರು ನೀವೊಬ್ಬರೇ' ಎಂದರು. ಅವರ ದನಿಯಲ್ಲಿ ಬೇಸರಕ್ಕಿಂತ ಆಶ್ಚರ್ಯವೇ ಹೆಚ್ಚಿತ್ತು. ಈಗ ನಮ್ಮ ಶಾಲೆಯಲ್ಲಿ ಪ್ರತಿ ಆಕೃತಿಯ ಮೇಲಿನ ಅಚ್ಚಾದ ಸಂಖ್ಯೆಗೆ ಬಿಳಿ ಕಾಗದದ ಚೂರು ಅಂಟಿಸಿದ್ದೇವೆ. ಅದರ ಮೇಲೆ ಏನನ್ನೂ ಬರೆದಿಲ್ಲ. ಈ ವರ್ಷದ ಮಕ್ಕಳು ಜೂನ್‌ನಲ್ಲಿ ಬಂದ ಮೇಲೆ ಅಳೆದು ಬರೆಯಲಿದ್ದಾರೆ.